ಕಿಟ್ಟೆಲ್ ಪಂಡಿತರೂ ಕನ್ನಡದ ನಿಷೇಧಕ್ರಿಯೆಯೂ

ಜರ್ಮನ್ ದೇಶದಲ್ಲಿ 1832ರಲ್ಲಿ ಜನಿಸಿದ ಫರ್ಡಿನೆಂಡ್ ಕಿಟ್ಟೆಲ್ಲರು 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ಕನ್ನಡನಾಡಿಗೆ ಬಂದರು. ಬೋಧಿಸಬಂದವರು ಕನ್ನಡದ ವಿದ್ಯಾರ್ಥಿಗಳಾದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಶೋಧಿಸಿ ಮುದ್ರಿಸಿದರು. 1894ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದರು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಂದಿತು. ಆ ವರ್ಷವೇ ಕಾಲವಶರಾದರು.

ಆ ವ್ಯಾಕರಣದಲ್ಲಿ ಅವರು ಕನ್ನಡದ ನಿಷೇಧಕ್ರಿಯಾಪದವನ್ನೂ ನಿರೂಪಿಸಿರುವರು. ಅವರ ಜರ್ಮನ್ ಭಾಷೆಯಲ್ಲಿಯೂ ಸಂಸ್ಕೃತದಲ್ಲಿಯೂ ನಿಷೇಧಕ್ಕೆ ಪ್ರತ್ಯೇಕ ಪದ ಬೇಕು. ಸಂಸ್ಕೃತದಲ್ಲಿ ‘ನ ಜಾನಾಮಿ’ ಎನ್ನುವೆವು. ಕನ್ನಡದ ‘ಅರಿಯೆನು’ ಎಂಬ ಒಂದೇ ಪದದಲ್ಲಿ ಕ್ರಿಯೆ, ನಿಷೇಧ, ಕರ್ತೃ ಮೂರೂ ಅಡಗಿವೆ. ಕಾಲಪ್ರತ್ಯಯವಿಲ್ಲದ ಕಾರಣ ಅದು ತ್ರಿಕಾಲಕ್ಕೂ ಸಲ್ಲುವುದು.

ವಚನಗಳಲ್ಲಿ ಶರಣರು ಒಲ್ಲೆನೆಂದಾಗ ಅದು ಇಂದಿಗೆ ಮಾತ್ರವಲ್ಲ, ಎಂದೆಂದಿಗೂ ಒಲ್ಲೆನೆಂಬ ವ್ರತ. ಪರಧನ, ಪರಸತಿಗಳನ್ನು ಒಲ್ಲೆನೆನ್ನುವ ಭಕ್ತರು ಆ ನುಡಿಯ ವ್ಯಾಕರಣವನ್ನು ನಡೆಯಲ್ಲಿಯೂ ಉಳಿಸಿಕೊಳ್ಳಬೇಕು.