ಬರಿಗೈಯಲ್ಲಿ ಬಿಹಾರಕ್ಕೆ ಹೋದ ತಾಯಿ: ಉಮಾಬಾಯಿ ಕುಂದಾಪುರ



2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ರಾಜರಾಜೇಶ್ವರಿನಗರದ ನಮ್ಮ ಭಕ್ತರು ಅಕ್ಕಿ, ಹೊದಿಕೆ, ಔಷಧಗಳನ್ನು ಲಾರಿಗೆ ತುಂಬಿಸಿ ಕಳುಹಿಸಿದರು. ಆ ಲಾರಿಯೊಂದಿಗೆ ಹೋದವರಲ್ಲಿ ನಾನೂ ಒಬ್ಬ. ಯಾರೋ ತಂದು ಸುರಿದ ಹಳೆಯ ಬಟ್ಟೆಯ ಮೂಟೆಗಳು ರಸ್ತೆಯ ಬದಿಯಲ್ಲಿ ಕೆಸರಿನಲ್ಲಿ ನೆನೆಯುತ್ತಿದ್ದವು. ನಾವಾದರೂ ಎರಡು ದಿನ ಇದ್ದು, ಹಂಚಿ, ಭಾವಚಿತ್ರ ತೆಗೆಸಿಕೊಂಡು ಮರಳಿದೆವು. ಹೊರಡುವಾಗ ವೃದ್ಧೆಯೊಬ್ಬರು ಮತ್ತೆ ಯಾವಾಗ ಬರುವಿರೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ನೆನಪಾದಾಗಲೆಲ್ಲ ಹುಬ್ಬಳ್ಳಿಯ ಉಮಾಬಾಯಿಯವರೂ ನೆನಪಾಗುತ್ತಾರೆ. ಅವರು ನಮ್ಮ ಸಂಪ್ರದಾಯದವರಲ್ಲ. ಆದರೆ ದಾಸೋಹವೆಂಬ ಮಾತಿನ ಅರ್ಥವನ್ನು ಬಾಳಿ ತೋರಿಸಿದವರ ಚರಿತೆಗೆ ಈ ಪುಟದಲ್ಲಿ ಎಂದೂ ಸ್ಥಳವುಂಟು.

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತಂದೆ ಗೋಳಿಕೇರಿ ಕೃಷ್ಣರಾಯರು, ತಾಯಿ ಜುಂಗಾಬಾಯಿ. ತವರಿನ ಹೆಸರು ಭವಾನಿ. ಹದಿಮೂರರ ಎಳೆಯ ವಯಸ್ಸಿನಲ್ಲಿ ಸಂಜೀವರಾವ್ ಕುಂದಾಪುರರೊಡನೆ ವಿವಾಹವಾಗಿ ಮುಂಬಯಿಗೆ ಹೋದರು. ಮಾವ ಆನಂದರಾಯರು ಅಂದಿನ ಕಾಲಕ್ಕೆ ಅಪರೂಪದ ಸುಧಾರಕ ಮನಸ್ಸಿನವರು. ಸೊಸೆಯನ್ನು ಅಡುಗೆಮನೆಗೆ ಸೀಮಿತಗೊಳಿಸದೆ ಮೆಟ್ರಿಕ್ ಪರೀಕ್ಷೆಯವರೆಗೆ ಓದಿಸಿದರು. 1923ರಲ್ಲಿ ಪತಿ ಕ್ಷಯರೋಗದಿಂದ ತೀರಿಕೊಂಡರು. ಮಾವ ಸೊಸೆಯೊಂದಿಗೆ ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ನಡೆಸಿದರು; ಉಮಾಬಾಯಿಯವರು ತಿಲಕ್ ಕನ್ಯಾಶಾಲೆಯ ಹೊಣೆ ಹೊತ್ತರು. ವಿಧವೆಯ ಮುಖ ಕಾಣುವುದೇ ಅಪಶಕುನವೆಂದು ಜನ ನಂಬಿದ್ದ ದಿನಗಳವು.

ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗದ ನೇತೃತ್ವವು ಉಮಾಬಾಯಿಯವರಿಗೆ ಒಲಿದು ಬಂತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಊರೂರು ಅಲೆದು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಹೊಸ್ತಿಲು ದಾಟದಿದ್ದ ಹೆಣ್ಣುಮಕ್ಕಳು ಸಾವಿರಾರು ಜನರ ನಡುವೆ ನಿಂತು ಸೇವೆಗೈದುದು ಸಾಮಾನ್ಯ ಸಂಗತಿಯಲ್ಲ.

1932ರಲ್ಲಿ ಅವರನ್ನು ಬಂಧಿಸಿ ನಾಲ್ಕು ತಿಂಗಳು ಯೆರವಡಾ ಕಾರಾಗೃಹದಲ್ಲಿಟ್ಟರು. ಅಲ್ಲಿರುವಾಗಲೇ ಆಸರೆಯಾಗಿದ್ದ ಮಾವನವರ ಮರಣವಾರ್ತೆ ಬಂತು. ಬಿಡುಗಡೆಯಾಗಿ ಬಂದಾಗ ಮುದ್ರಣಾಲಯ ಸರಕಾರದ ವಶವಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಅವರು ಕಟ್ಟಿದ್ದ ಭಗಿನೀ ಮಂಡಲವನ್ನು ಕಾನೂನುಬಾಹಿರವೆಂದು ಸಾರಲಾಗಿತ್ತು. ಪತಿಯಿಲ್ಲ, ಮಾವನಿಲ್ಲ, ಉಣ್ಣಲು ಆಧಾರವಾಗಿದ್ದ ಉದ್ಯಮವೂ ಇಲ್ಲ. ಉಳಿದದ್ದು ಒಂದು ಪುಟ್ಟ ಮನೆ. ಸೆರೆಯಿಂದ ಹೊರಬಂದು, ಮನೆಯವರು ಒಳಗೆ ಸೇರಿಸದೆ ನಿರ್ಗತಿಕರಾದ ಹೆಣ್ಣುಮಕ್ಕಳಿಗೆ ಆ ಪುಟ್ಟ ಮನೆಯೇ ತವರಾಯಿತು.

ಇಷ್ಟು ಕಳೆದುಕೊಂಡ ಎರಡೇ ವರ್ಷಗಳಲ್ಲಿ, 1934ರ ಜನವರಿ 15ರ ಮಧ್ಯಾಹ್ನ, ಬಿಹಾರದ ನೆಲ ನಡುಗಿತು. ಬಿಹಾರವೊಂದರಲ್ಲೇ 7,000ಕ್ಕೂ ಹೆಚ್ಚು ಜನ ಮಡಿದರು. ಮುಂಗೇರ್ ಪಟ್ಟಣ ನೆಲಸಮವಾಯಿತು. ಸೀತಾಮಢಿ, ಮಧುಬನಿಗಳ ಕಡೆಯ ಹಳ್ಳಿಗಳಲ್ಲಿ ಭೂಮಿ ಬಿರಿದು ಮರಳು, ನೀರು ಚಿಮ್ಮಿ ಹೊಲಗಳನ್ನು ಮುಚ್ಚಿದವು. ಬಾವಿಗಳು ಮರಳಿನಿಂದ ಹೂತುಹೋದವು. ಬದುಕಿ ಉಳಿದವನಿಗೆ ಕುಡಿಯುವ ನೀರಿಲ್ಲ, ಬಿತ್ತುವ ನೆಲವಿಲ್ಲ. ಸಕ್ಕರೆ ಕಾರ್ಖಾನೆಗಳು ಹಾಳಾದ್ದರಿಂದ ಬೆಳೆದುನಿಂತ ಕಬ್ಬನ್ನೂ ಅರೆಯುವ ದಾರಿಯಿಲ್ಲದಾಯಿತು. ಸೆರೆಯಲ್ಲಿದ್ದ ರಾಜೇಂದ್ರಪ್ರಸಾದರನ್ನು ಎರಡೇ ದಿನಗಳಲ್ಲಿ ಬಿಡುಗಡೆ ಮಾಡಲಾಯಿತು. ಅನಾರೋಗ್ಯವನ್ನು ಲೆಕ್ಕಿಸದೆ ಅವರು ಪರಿಹಾರ ಸಮಿತಿಯನ್ನು ಕಟ್ಟಿದರು.

ಉಮಾಬಾಯಿಯವರು ತಮ್ಮ ಸ್ವಯಂಸೇವಕಿಯರೊಂದಿಗೆ ಅಲ್ಲಿಗೆ ಹೊರಟರು. ನೆಲ ಬೇರೆ, ನುಡಿ ಬೇರೆ, ಊಟ ಬೇರೆ. ನಿರಾಶ್ರಿತರ ಶಿಬಿರಗಳು ಕಿಕ್ಕಿರಿದಿದ್ದವು. ಪರದಾ ಪದ್ಧತಿ ಬಲವಾಗಿದ್ದ ಆ ಸೀಮೆಯಲ್ಲಿ ಗಾಯಗೊಂಡ ಹೆಂಗಸರು, ಬಾಣಂತಿಯರು ಪರಪುರುಷರೆದುರು ನೋವು ಹೇಳಿಕೊಳ್ಳುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ನಮ್ಮ ತಾಯಂದಿರು ಸುಲಭವಾಗಿ ಊಹಿಸಬಲ್ಲರು. ಹೆಣ್ಣು ಕೈಗಳು ಅಲ್ಲಿ ಅತ್ಯಗತ್ಯವಾಗಿದ್ದವು. ಉಮಾಬಾಯಿಯವರು ಹಗಲಿರುಳೆನ್ನದೆ ದುಡಿದರು. ರಾಜೇಂದ್ರಪ್ರಸಾದ್, ಆಚಾರ್ಯ ಕೃಪಲಾನಿಯವರ ಪರಿಚಯವಾದದ್ದು ಆಗಲೇ. ಆ ಪರಿಚಯದಲ್ಲಿ ಒಬ್ಬರು ಮುಂದೆ ರಾಷ್ಟ್ರಪತಿಯಾದರು. ಅದರಿಂದ ತನಗೇನಾದರೂ ಆಗಲೆಂದು ಈ ತಾಯಿ ಬಯಸಲಿಲ್ಲ.

1942ರಲ್ಲಿ ದೇಹಸ್ಥಿತಿ ಕ್ಷೀಣಿಸಿತ್ತು. ಆದರೂ ಭೂಗತ ಹೋರಾಟಗಾರರಿಗೆ ಅವರ ಮನೆಯಲ್ಲಿ ಆಶ್ರಯ ದೊರೆಯುತ್ತಿತ್ತು. 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೆ ಒಪ್ಪಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಆರೋಗ್ಯ, ಶಿಶುಪಾಲನೆ, ಅಕ್ಷರ, ಸ್ವಾವಲಂಬನೆಗಳ ತರಬೇತಿ ಕೊಟ್ಟು ಗ್ರಾಮಸೇವಕಿಯರನ್ನಾಗಿ ಮಾಡುವ ಕಾರ್ಯವದು. ಹೊರಗಿನವರು ಬಂದು ಹೋಗುವುದಕ್ಕಿಂತ ಊರಿನಲ್ಲೇ ಉಳಿಯುವವರನ್ನು ಸಿದ್ಧಗೊಳಿಸುವ ಈ ಕ್ರಮವೇ ನನಗೆ ಅವರ ಬಾಳಿನ ಅತ್ಯಂತ ದೊಡ್ಡ ಕೆಲಸವೆಂದು ತೋರುತ್ತದೆ. ಅದಕ್ಕೆ ಬೇಕಾದ ಹಣಕ್ಕಾಗಿ ಅವರು ಮನೆಮನೆಗೆ ಹೋಗಿ ಜೋಳಿಗೆ ಒಡ್ಡಿದರು.

ಸ್ವಾತಂತ್ರ್ಯಾನಂತರ ಹುದ್ದೆ, ಪಿಂಚಣಿ, ತಾಮ್ರಪತ್ರ ಯಾವುದನ್ನೂ ಅವರು ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ ಅದೇ ಪುಟ್ಟ ಮನೆಗೆ ಮಾವನವರ ನೆನಪಿನಲ್ಲಿ ಆನಂದಸ್ಮೃತಿ ಎಂಬ ಹೆಸರಿತ್ತು. ಅಲ್ಲಿಯೇ ಬಾಳಿ, 1992ರಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.