ಅಗೊಸ್ಟಿನೊ ಬಾಸ್ಸಿ: ಸುಣ್ಣಕಟ್ಟು ರೋಗದ ಮೂಲವನ್ನು ಕಂಡವರು

ಕಾಫಿ ಕಾಯಿಕೊರಕವೇ ಮೊದಲಾದ ಕೀಟಗಳ ಹತೋಟಿಗೆ ಬಳಸುವ ಬ್ಯೂವೇರಿಯಾ ಬ್ಯಾಸಿಯಾನ ಶಿಲೀಂಧ್ರದ ಹೆಸರಿನಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿಯವರ ನೆನಪು ಉಳಿದಿದೆ.

ಬಾಸ್ಸಿಯವರು 1773ರಲ್ಲಿ ಉತ್ತರ ಇಟಲಿಯ ಲೋಡಿ ಪಟ್ಟಣದ ಸಮೀಪ ಜನಿಸಿದರು. ಪಾವಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ ಮಾಡಿದರೂ ಪ್ರಕೃತಿ ವಿಜ್ಞಾನದಲ್ಲಿ ಅವರಿಗೆ ಆಸಕ್ತಿಯಿತ್ತು. ದೃಷ್ಟಿ ಮಂದವಾದ ಕಾರಣ ಸರ್ಕಾರಿ ಹುದ್ದೆಯನ್ನು ತೊರೆದು, ಕುರಿ ಸಾಕಣೆ ಹಾಗೂ ಬೇಸಾಯದಲ್ಲಿ ತೊಡಗಿದರು.

ಆ ಕಾಲದಲ್ಲಿ ರೇಷ್ಮೆಹುಳುಗಳು ಸತ್ತು, ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುವ ರೋಗವು ಸಾಕಣೆದಾರರಿಗೆ ಅಪಾರ ನಷ್ಟ ಉಂಟುಮಾಡುತ್ತಿತ್ತು. 1807ರಲ್ಲಿ ಬಾಸ್ಸಿಯವರು ಇದರ ಅಧ್ಯಯನ ಆರಂಭಿಸಿದರು. ರೋಗವು ತಾನಾಗಿಯೇ ಹುಟ್ಟುತ್ತದೆಂದು ಮೊದಲು ನಂಬಿ ನಡೆಸಿದ ಪ್ರಯೋಗಗಳೆಲ್ಲ ವಿಫಲವಾದವು. ಅನಂತರ ಸತ್ತ ಹುಳುವಿನ ಮೇಲಿನ ಬಿಳಿ ಪುಡಿಯನ್ನು ಆರೋಗ್ಯವಂತ ಹುಳುಗಳಿಗೆ ಸೋಕಿಸಿದಾಗ ಅವೂ ರೋಗಕ್ಕೆ ತುತ್ತಾದವು. ಜೀವಂತ ಶಿಲೀಂಧ್ರವೊಂದು ಈ ರೋಗವನ್ನು ಹರಡುತ್ತದೆಂದು ಅವರು 1835ರಲ್ಲಿ ಪ್ರಕಟಿಸಿದರು. ರೋಗಗ್ರಸ್ತ ಹುಳುಗಳನ್ನು ಬೇರ್ಪಡಿಸಿ ನಾಶಪಡಿಸುವುದು, ಸಾಕಣೆ ಮನೆ ಹಾಗೂ ಸಲಕರಣೆಗಳನ್ನು ಸೋಂಕುರಹಿತಗೊಳಿಸುವುದು ಅವರು ಸೂಚಿಸಿದ ಪರಿಹಾರಗಳು. ಅವರು 1856ರಲ್ಲಿ ನಿಧನರಾದರು.

ರೇಷ್ಮೆಗೆ ಶತ್ರುವಾದ ಅದೇ ಶಿಲೀಂಧ್ರ ಇಂದು ಬೆಳೆಗೆ ಮಿತ್ರ. ಇದರ ಬೀಜಕಗಳು ಕೀಟದ ಮೈಗೆ ಅಂಟಿ, ಮೊಳೆತು, ಚರ್ಮವನ್ನು ಭೇದಿಸಿ ಒಳಸೇರುತ್ತವೆ. ಇದಕ್ಕೆ ತೇವಾಂಶ ಅವಶ್ಯಕ; ಬಿರುಬಿಸಿಲು ಬೀಜಕಗಳನ್ನು ಕೊಲ್ಲುತ್ತದೆ. ಆದುದರಿಂದ ಒಣಹವೆಯಲ್ಲಿ ಫಲ ಕಡಿಮೆ. ಕೀಟ ಸಾಯಲು ಹಲವು ದಿನಗಳು ಬೇಕಾಗುವುದರಿಂದ, ಸಿಂಪರಣೆಯ ಮರುದಿನವೇ ಫಲಿತಾಂಶವನ್ನು ಅಳೆಯುವುದು ಸರಿಯಲ್ಲ.

ರೈತರು ಗಮನಿಸಬೇಕಾದ ಅಂಶಗಳು:

• ಖರೀದಿಸುವಾಗ ನೋಂದಣಿ ಸಂಖ್ಯೆ, ಜೀವಕಣಗಳ ಪ್ರಮಾಣ ಮತ್ತು ಬಳಕೆಯ ಅಂತಿಮ ದಿನಾಂಕವನ್ನು ಪರಿಶೀಲಿಸಬೇಕು. ತಂಪಾದ, ನೆರಳಿನ ಸ್ಥಳದಲ್ಲಿ ಶೇಖರಿಸಬೇಕು.
• ಸಂಜೆಯ ವೇಳೆ, ಕೀಟದ ಮೈಗೆ ತಗಲುವಂತೆ ಸಿಂಪಡಿಸಬೇಕು, ಶಿಲೀಂಧ್ರನಾಶಕಗಳೊಂದಿಗೆ ಬೆರೆಸಬಾರದು.
• ಸ್ವಲ್ಪ ಭಾಗವನ್ನು ಸಿಂಪಡಿಸದೆ ಬಿಟ್ಟು, ಎರಡೂ ಕಡೆಯ ಕೀಟಗಳನ್ನು ಎಣಿಸಿ ಹೋಲಿಸಬೇಕು.
• ಹಿಪ್ಪುನೇರಳೆ ತೋಟದಲ್ಲಾಗಲಿ, ರೇಷ್ಮೆಹುಳು ಸಾಕಣೆ ಮನೆಯ ಸಮೀಪದಲ್ಲಾಗಲಿ ಬಳಸಲೇಬಾರದು. ಸಿಂಪರಣೆ ಮಾಡಿದವರು ಸ್ನಾನ ಮಾಡಿ, ಬಟ್ಟೆ ಬದಲಿಸದೆ ಸಾಕಣೆ ಮನೆಯನ್ನು ಪ್ರವೇಶಿಸಬಾರದು.

ಜೈವಿಕ ಎಂದಮಾತ್ರಕ್ಕೆ ಎಲ್ಲಕ್ಕೂ ನಿರಪಾಯವಲ್ಲ. ರೇಷ್ಮೆ ಬೆಳೆಯುವ ಗ್ರಾಮಗಳಲ್ಲಿ ಈ ಶಿಲೀಂಧ್ರವನ್ನು ಶಿಫಾರಸು ಮಾಡುವ ಮುನ್ನ ವಿಸ್ತರಣಾ ಕಾರ್ಯಕರ್ತರು ನೆರೆಯ ಸಾಕಣೆದಾರರ ಹಿತವನ್ನೂ ಪರಿಗಣಿಸಬೇಕು.