ನಾನ್ಸೆನ್: ದೇಶವಿಲ್ಲದವರಿಗೆ ಒಂದು ಹಾಳೆ ಕಾಗದ

ಫ್ರಿಟ್ಯೋಫ್ ನಾನ್ಸೆನ್ ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಕ್ವಿಜ್ ಆಡುವವರು ತಕ್ಷಣ ಎರಡು ಉತ್ತರ ಕೊಡ್ತಾರೆ. ಉತ್ತರ ಧ್ರುವದ ಕಡೆ ಹಡಗು ತಗೊಂಡು ಹೋದ ನಾರ್ವೆಯವನು, 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವನು. ಹಿಮದಿಂದ ಶಾಂತಿ ಪ್ರಶಸ್ತಿಗೆ ಒಬ್ಬ ಮನುಷ್ಯ ಹೇಗೆ ಬಂದ ಅನ್ನೋದು ನಮಗೆ ಅವೆರಡಕ್ಕಿಂತ ಕುತೂಹಲದ ವಿಷಯ ಅನ್ನಿಸಿತು. ನರಮಂಡಲ, ಸಮುದ್ರದ ನೀರು, ಐಸ್ ಇವನ್ನೇ ಓದಿಕೊಂಡಿದ್ದ ವಿಜ್ಞಾನಿ, ಅರವತ್ತರ ಹತ್ತಿರ ಬಂದಾಗ, ಯಾವ ದೇಶದ ದಾಖಲೆಯೂ ಇಲ್ಲದ ಲಕ್ಷಾಂತರ ಜನರ ಕಾನೂನು ಸಮಸ್ಯೆಗೆ ಕೈ ಹಾಕಿದ. ದಾಖಲೆ ಇಲ್ಲದ ವಲಸಿಗರ ಬಗ್ಗೆ ಇವತ್ತು ಟಿವಿಯಲ್ಲಿ ನಡೆಯುವ ಜಗಳಗಳಲ್ಲಿ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ನೂರು ವರ್ಷದ ಹಿಂದೆಯೇ ಆತನ ಮೇಜಿನ ಮೇಲೆ ಇದ್ದವು.

ಹುಟ್ಟಿದ್ದು 1861ರ ಅಕ್ಟೋಬರ್ 10, ಈಗ ಓಸ್ಲೋ ಅಂತ ಕರೆಯುವ ಊರಿನ ಹೊರವಲಯದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ. ಬರ್ಗೆನ್ ಮ್ಯೂಸಿಯಂನಲ್ಲಿ ಕೆಲಸ ಮಾಡ್ತಾ ನರಕೋಶಗಳ ಮೇಲೆ ಸಂಶೋಧನೆ ಮಾಡಿ 1888ರಲ್ಲಿ ಡಾಕ್ಟರೇಟ್ ತಗೊಂಡ. ಅದೇ ವರ್ಷ ಐದು ಜನ ಜೊತೆಗಾರರೊಂದಿಗೆ ಗ್ರೀನ್‌ಲ್ಯಾಂಡನ್ನು ಸ್ಕೀ ಮೇಲೆ ದಾಟಿದ. ಅಲ್ಲಿ ಜನ ವಾಸ ಇದ್ದದ್ದು ಮುಖ್ಯವಾಗಿ ಪಶ್ಚಿಮ ಕರಾವಳಿಯಲ್ಲಿ. ಯಾರಾದ್ರೂ ಅಲ್ಲಿಂದಲೇ ಶುರು ಮಾಡ್ತಾರೆ, ತೊಂದರೆ ಆದ್ರೆ ವಾಪಸ್ ಬರಬಹುದಲ್ಲ. ಈತ ಜನರೇ ಇಲ್ಲದ ಪೂರ್ವದ ಕಡೆಯಿಂದ ಹೊರಟ. ಹಿಂದೆ ಹೋದರೆ ಏನೂ ಇಲ್ಲ, ಆದ್ದರಿಂದ ಮುಂದೆ ಹೋಗಲೇಬೇಕು. ಲೆಕ್ಕವೋ ಹುಚ್ಚೋ ನೀವೇ ಹೇಳಿ.

ಇನ್ನು ಹಡಗಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀವಿ, ಮೆಕ್ಯಾನಿಕಲ್ ಮತ್ತು ಸಿವಿಲ್‌ನವರಿಗೆ ಇಷ್ಟ ಆಗುತ್ತೆ. 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಜೆನೆಟ್ ಎಂಬ ಅಮೆರಿಕನ್ ಹಡಗು ಐಸ್‌ಗೆ ಸಿಕ್ಕಿ ನುಚ್ಚುನೂರಾಯಿತು. ಮೂರು ವರ್ಷದ ನಂತರ ಅದರ ಅವಶೇಷಗಳು ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕವು. ಅಂದ್ರೆ ಐಸ್ ತಾನೇ ಅಷ್ಟು ದೂರ ಹರಿದು ಬಂದಿದೆ. ಹಾಗಾದ್ರೆ ಐಸ್ ಜೊತೆ ಗುದ್ದಾಡುವುದು ಯಾಕೆ, ಬೇಕಂತಲೇ ಅದರೊಳಗೆ ಸಿಕ್ಕಿಹಾಕಿಕೊಂಡು ಅದು ಕರ್ಕೊಂಡು ಹೋದ ಕಡೆ ಹೋಗೋಣ ಅಂತ ನಾನ್ಸೆನ್ ಯೋಚಿಸಿದ. ಹಡಗು ಕಟ್ಟುವ ಕಾಲಿನ್ ಆರ್ಚರ್ ಇದಕ್ಕೆ ಡಿಸೈನ್ ಮಾಡಿದ ಹಡಗೇ ಫ್ರಾಮ್, ಸುಮಾರು 39 ಮೀಟರ್ ಉದ್ದ, 11 ಮೀಟರ್ ಅಗಲ. ತಳ ದುಂಡಗೆ. ಒದ್ದೆ ಸೋಪನ್ನು ಮುಷ್ಟಿಯಲ್ಲಿ ಒತ್ತಿದ್ರೆ ಜಾರಿ ಮೇಲೆ ಬರುತ್ತಲ್ಲ, ಹಾಗೆ ಐಸ್ ಎರಡೂ ಕಡೆಯಿಂದ ಒತ್ತಿದಾಗ ಹಡಗು ಹಿಡಿತಕ್ಕೆ ಸಿಗದೆ ಮೇಲೆ ಏಳಬೇಕು. ದೀಪಕ್ಕೆ ಗಾಳಿಯಂತ್ರದಿಂದ ತಿರುಗುವ ಡೈನಮೋ ಕೂಡ ಇತ್ತು. ಆ ದುಂಡು ತಳದಿಂದಾಗಿ ತೆರೆದ ಸಮುದ್ರದಲ್ಲಿ ಹಡಗು ವಿಪರೀತ ಹೊಯ್ದಾಡ್ತಿತ್ತು, ಅದು ಬೇರೆ ಮಾತು. ಎಲ್ಲದಕ್ಕೂ ಒಪ್ಪುವ ಡಿಸೈನ್ ಎಲ್ಲೂ ಇಲ್ಲ.

1893ರ ಜೂನ್‌ನಲ್ಲಿ ಹೊರಟ ಹದಿಮೂರು ಜನರೂ 1896ರ ಆಗಸ್ಟ್‌ನಲ್ಲಿ ಜೀವಂತ ವಾಪಸ್ ಬಂದರು. ನಡುವೆ ಹಡಗು ಧ್ರುವದ ಮೇಲೇ ಹಾದು ಹೋಗುವುದಿಲ್ಲ ಅಂತ ಗೊತ್ತಾದಾಗ ನಾನ್ಸೆನ್ ಮತ್ತು ಯೋಹಾನ್ಸೆನ್ ಇಬ್ಬರೇ ನಾಯಿಗಳ ಜೊತೆ ಇಳಿದು ನಡೆದರು. 86 ಡಿಗ್ರಿ 14 ಮಿನಿಟ್ ಉತ್ತರದ ತನಕ ಹೋದರು, ಆ ಹೊತ್ತಿಗೆ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಬರುವಾಗ ಕಲ್ಲಿನ ಗುಡಿಸಲು ಕಟ್ಟಿಕೊಂಡು ಕರಡಿ, ವಾಲ್ರಸ್ ಮಾಂಸ ತಿಂದು ಇಡೀ ಚಳಿಗಾಲ ಕಳೆದರು. ಐಸ್ ಗಾಳಿಯ ದಿಕ್ಕಿಗೇ ಹೋಗದೆ ಸ್ವಲ್ಪ ಬಲಕ್ಕೆ ಸರಿಯುತ್ತೆ ಅಂತ ನಾನ್ಸೆನ್ ಗಮನಿಸಿದ್ದ. ಅದರಿಂದಲೇ ಮುಂದೆ ಏಕ್ಮನ್ 1905ರಲ್ಲಿ ತನ್ನ ಗಣಿತ ಬರೆದದ್ದು. ಧ್ರುವದ ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸ್ತೀವಿ, ಅದಕ್ಕೆ ಬೇಕಾದಷ್ಟು ಪುಸ್ತಕ ಇವೆ.

1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆಯಾಯಿತು. ಪ್ರಪಂಚಕ್ಕೆಲ್ಲ ಗೊತ್ತಿದ್ದ ನಾರ್ವೆಯವನು ಇವನೇ ಆದ್ದರಿಂದ ಲಂಡನ್‌ಗೆ ರಾಯಭಾರಿಯಾಗಿ ಕಳಿಸಿದರು. ಮೊದಲ ಮಹಾಯುದ್ಧದ ಸಮಯದಲ್ಲಿ ವಾಷಿಂಗ್ಟನ್‌ಗೆ ಹೋಗಿ ನಾರ್ವೆಗೆ ಆಹಾರ ತರಿಸುವ ಒಪ್ಪಂದ ಮಾಡಿದ. 1920ರಲ್ಲಿ ಹೊಸದಾಗಿ ಹುಟ್ಟಿದ್ದ ಲೀಗ್ ಆಫ್ ನೇಷನ್ಸ್, ಯುದ್ಧ ಮುಗಿದರೂ ಮನೆಗೆ ಹೋಗಲಾಗದೆ ರಷ್ಯಾ ಮತ್ತು ಯೂರೋಪಿನಲ್ಲಿ ಕೊಳೆಯುತ್ತಿದ್ದ ಕೈದಿಗಳನ್ನು ಊರಿಗೆ ಸೇರಿಸು ಅಂತ ಕೇಳಿತು. ಎರಡು ವರ್ಷದೊಳಗೆ 4 ಲಕ್ಷಕ್ಕೂ ಹೆಚ್ಚು ಜನ ಮನೆ ಸೇರಿದರು. ಕೈದಿಗಳಿಗೆ ಹೋಗಲು ದೇಶ ಇತ್ತು, ರೈಲು ಮತ್ತು ಹಡಗು ಹೊಂದಿಸಿದರೆ ಸಾಕಿತ್ತು. ಮುಂದಿನ ಕೆಲಸ ಹಾಗಿರಲಿಲ್ಲ.

1917ರ ಕ್ರಾಂತಿ, ಆಮೇಲಿನ ಅಂತರ್ಯುದ್ಧದಲ್ಲಿ ರಷ್ಯಾ ಬಿಟ್ಟು ಓಡಿದವರು ಹತ್ತು ಲಕ್ಷಕ್ಕೂ ಜಾಸ್ತಿ. 1920ರ ನವೆಂಬರ್‌ನಲ್ಲಿ ಕ್ರೈಮಿಯಾದಿಂದ ಒಂದೇ ಸಲಕ್ಕೆ ಸುಮಾರು 1.5 ಲಕ್ಷ ಜನ ಹಡಗು ಹತ್ತಿ ಕಾನ್‌ಸ್ಟಾಂಟಿನೋಪಲ್ ಕಡೆ ಬಂದರು. 1921ರ ಡಿಸೆಂಬರ್‌ನಲ್ಲಿ ಸೋವಿಯತ್ ಸರ್ಕಾರ ಒಂದು ಆದೇಶ ಹೊರಡಿಸಿ, ಅನುಮತಿ ಇಲ್ಲದೆ ದೇಶ ಬಿಟ್ಟವರ ಪೌರತ್ವವನ್ನೇ ಕಿತ್ತುಹಾಕಿತು. ಜನ ಅಲ್ಲೇ ಇದ್ದಾರೆ, ಅದೇ ಹೆಸರು, ಅದೇ ಮುಖ, ಆದರೆ ಬೆಳಗಾಗೋದ್ರೊಳಗೆ ಯಾವ ದೇಶಕ್ಕೂ ಸೇರದವರಾದರು.

ಇದರ ಅರ್ಥ ಆಗಬೇಕಾದ್ರೆ ಪಾಸ್‌ಪೋರ್ಟ್ ಕಥೆ ಸ್ವಲ್ಪ ಬೇಕು. 1914ಕ್ಕೆ ಮೊದಲು ಯೂರೋಪಿನ ಬಹುಪಾಲು ದೇಶಗಳಲ್ಲಿ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಯುದ್ಧ ಬಂದು ಎಲ್ಲರೂ ಗಡಿಯಲ್ಲಿ ಕಾಗದ ಕೇಳೋಕೆ ಶುರು ಮಾಡಿದರು, ಯುದ್ಧ ಮುಗಿದರೂ ಬಿಡಲಿಲ್ಲ. ನಾವೀಗ ನೋಡುವ ಪುಸ್ತಕದ ರೂಪದ ಪಾಸ್‌ಪೋರ್ಟ್‌ಗೆ ಒಂದು ಮಾದರಿ ಗೊತ್ತುಮಾಡಿದ್ದು 1920ರ ಪ್ಯಾರಿಸ್ ಸಮ್ಮೇಳನ. ಪ್ರಪಂಚಕ್ಕೆಲ್ಲ ಐಡಿ ಕಾರ್ಡ್ ಕಡ್ಡಾಯ ಆದ ಹೊತ್ತಿಗೇ ಇಷ್ಟು ಜನರ ಐಡಿ ಕಾರ್ಡ್ ರದ್ದಾಯಿತು ಅಂತ ಇಟ್ಕೊಳ್ಳಿ. ಕಾಗದ ಇಲ್ಲದವನಿಗೆ ಇರುವ ದೇಶದಲ್ಲಿ ಇರೋದಕ್ಕೆ ಹಕ್ಕಿಲ್ಲ, ಕೆಲಸ ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗೋಣ ಅಂದ್ರೆ ವೀಸಾ ಹಾಕೋಕೆ ಪುಸ್ತಕವೇ ಇಲ್ಲ. ಪೊಲೀಸರು ಹಿಡಿದು ಗಡಿಯಾಚೆ ತಳ್ಳಿದರೆ ಆಚೆಯವರು ವಾಪಸ್ ತಳ್ಳುತ್ತಾರೆ. ಇರುವುದೂ ಅಪರಾಧ, ಹೋಗುವುದೂ ಅಪರಾಧ.

1921ರಲ್ಲಿ ಲೀಗ್ ನಾನ್ಸೆನ್‌ನನ್ನು ರಷ್ಯನ್ ನಿರಾಶ್ರಿತರ ಹೈಕಮಿಷನರ್ ಮಾಡಿತು. ದೊಡ್ಡ ಹುದ್ದೆ, ಕೈಯಲ್ಲಿ ದುಡ್ಡು ಮಾತ್ರ ಇಲ್ಲ. ಎಲ್ಲರನ್ನೂ ವಾಪಸ್ ಕಳಿಸಿದರೆ ಆಯ್ತಲ್ಲ ಅನ್ನುವ ಉತ್ತರ ಆಗಲೂ ಇತ್ತು. ಇಷ್ಟ ಇದ್ದವರು ಹೋಗಲಿ ಅಂತ ನಾನ್ಸೆನ್ ಮಾಸ್ಕೋ ಜೊತೆ ಮಾತಾಡಿದ, ಅದಕ್ಕೆ ನಿರಾಶ್ರಿತರ ಮುಖಂಡರೇ ಆತನ ಮೇಲೆ ಸಿಟ್ಟಾದರು. ಹೋದವರು ಸಾವಿರಗಳ ಲೆಕ್ಕದಲ್ಲಷ್ಟೇ. ಇರುವ ಕಡೆಯೇ ಪೌರತ್ವ ಕೊಡಿಸೋಣ ಅಂದ್ರೆ ಯುದ್ಧದಿಂದ ಸೋತು ಸುಣ್ಣವಾದ ಸರ್ಕಾರಗಳು ಒಪ್ಪುವ ಹಾಗಿರಲಿಲ್ಲ.

ಕೊನೆಗೆ 1922ರ ಜುಲೈನಲ್ಲಿ ಜಿನೀವಾದಲ್ಲಿ ಸರ್ಕಾರಗಳು ಒಪ್ಪಿದ್ದು ಒಂದು ಹಾಳೆ ಸರ್ಟಿಫಿಕೇಟ್‌ಗೆ. ಕೊಡೋದು ಆತ ಇರುವ ದೇಶದ ಸರ್ಕಾರ, ಬೆಲೆ ಕೊಡೋದು ಉಳಿದ ದೇಶಗಳು. ಇಂಥ ಹೆಸರಿನ, ಇಂಥ ಮುಖದ ವ್ಯಕ್ತಿ ರಷ್ಯನ್ ಮೂಲದವನು, ಬೇರೆ ಯಾವ ದೇಶದ ಪೌರತ್ವವೂ ಪಡೆದಿಲ್ಲ. ಒಂದು ವರ್ಷ ಮಾನ್ಯ. ಜನ ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಅಂತ ಕರೆದರು. ಅದರಿಂದ ಪೌರತ್ವ ಬರಲಿಲ್ಲ, ಕೆಲಸದ ಹಕ್ಕು ಬರಲಿಲ್ಲ, ಶುರುವಿನಲ್ಲಿ ಕೊಟ್ಟ ದೇಶಕ್ಕೇ ವಾಪಸ್ ಬರುವ ಖಾತ್ರಿಯೂ ಇರಲಿಲ್ಲ. ಬಂದದ್ದು ಒಂದೇ, ವೀಸಾ ಮುದ್ರೆ ಒತ್ತಲು ಒಂದು ಜಾಗ.

ಇಷ್ಟು ಸಣ್ಣದಾಗಿದ್ದಕ್ಕೇ ಅದು ಓಡಿತು. ಸರ್ಕಾರಗಳಿಗೆ ಇದರಿಂದ ನಷ್ಟ ಇಲ್ಲ. ಯಾರು ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಸಿಗುತ್ತೆ, ಕೆಲಸ ಇರುವ ಕಡೆ ಜನ ತಾವೇ ಹೋಗ್ತಾರೆ. ಯುದ್ಧದಲ್ಲಿ ಗಂಡಸರನ್ನು ಕಳ್ಕೊಂಡಿದ್ದ ಫ್ರಾನ್ಸ್‌ಗೆ ಕೆಲಸಗಾರರು ಬೇಕಿತ್ತು. ಪ್ಯಾರಿಸ್ ಹತ್ತಿರದ ರೆನೋ ಕಾರ್ಖಾನೆಯಲ್ಲಿ, ಟ್ಯಾಕ್ಸಿಗಳಲ್ಲಿ ರಷ್ಯನ್ನರು ತುಂಬಿಕೊಂಡರು, ಅವರಲ್ಲಿ ಹಳೇ ಸೈನ್ಯದ ಅಧಿಕಾರಿಗಳೂ ಇದ್ದರು. ಮುಂದೆ ಐವತ್ತಕ್ಕೂ ಹೆಚ್ಚು ಸರ್ಕಾರಗಳು ಆ ಕಾಗದವನ್ನು ಮಾನ್ಯ ಮಾಡಿದವು. ಒಟ್ಟು ಸುಮಾರು 4.5 ಲಕ್ಷ ಜನರಿಗೆ ಅದು ಸಿಕ್ಕಿತು ಅನ್ನೋದು ಸಾಮಾನ್ಯವಾಗಿ ಹೇಳುವ ಅಂಕಿ. ಚಿತ್ರಕಾರ ಶಾಗಾಲ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ, ನರ್ತಕಿ ಪಾವ್ಲೋವಾ ಇದೇ ಕಾಗದದ ಮೇಲೆ ದೇಶ ಸುತ್ತಿದವರು. ಲೇಖಕ ನಬೊಕೊವ್ ಹತ್ತಿರವೂ ಇತ್ತು, ಆದರೆ ಅದನ್ನು ತೋರಿಸಿದಾಗಲೆಲ್ಲ ಅಧಿಕಾರಿಗಳು ಅಪರಾಧಿಯನ್ನು ನೋಡುವಂತೆ ನೋಡ್ತಿದ್ದರು ಅಂತ ಆತನ ಆತ್ಮಕಥೆಯಲ್ಲಿ ಕಹಿ ಇದೆ.

ಫ್ರಾಮ್ ಹಡಗಿನ ಯೋಚನೆಯೇ ಇಲ್ಲೂ ಇದೆ ಅಂತ ನಮಗೆ ಕಾಣ್ಸುತ್ತೆ. ಗಡಿಗಳ ಮೇಲೆ ಸರ್ಕಾರಗಳಿಗಿರುವ ಹಿಡಿತವನ್ನು ಒಡೆಯೋಕೆ ಹೋಗಲಿಲ್ಲ, ಆ ಹಿಡಿತಕ್ಕೆ ಸಿಗದಂಥ ಆಕಾರ ಕೊಟ್ಟ. ಇದಕ್ಕೂ ಬೆಲೆ ತೆರಬೇಕಾಯ್ತು. ಹಕ್ಕು ಅಂತ ಕೇಳದೆ ಉಪಕಾರ ಅಂತ ಪಡೆದದ್ದರಿಂದ ಪ್ರತಿಯೊಂದನ್ನೂ ಆಮೇಲೆ ತುಂಡು ತುಂಡಾಗಿ ಸೇರಿಸಬೇಕಾಯಿತು. 1924ರಲ್ಲಿ ಆರ್ಮೇನಿಯನ್ನರಿಗೂ ವಿಸ್ತರಿಸಿದರು. 1926ರಲ್ಲಿ ವಾಪಸ್ ಬರುವ ವೀಸಾದ ಏರ್ಪಾಟಾಯಿತು, ಜೊತೆಗೆ ಸ್ಥಿತಿವಂತರು 5 ಚಿನ್ನದ ಫ್ರಾಂಕ್ ಕೊಟ್ಟು ನಾನ್ಸೆನ್ ಚಿತ್ರದ ಸ್ಟ್ಯಾಂಪ್ ಅಂಟಿಸಬೇಕು, ಆ ದುಡ್ಡು ಬಡ ನಿರಾಶ್ರಿತರಿಗೆ ಅಂತ ನಿಯಮ ಬಂತು. 1928ರಲ್ಲಿ ಅಸ್ಸೀರಿಯನ್ನರು ಮತ್ತಿತರ ಕೆಲವರು. ಪಟ್ಟಿಯಲ್ಲಿ ಜನಾಂಗದ ಹೆಸರು ಇದ್ದರೆ ಕಾಗದ, ಇಲ್ಲದಿದ್ದರೆ ಇಲ್ಲ. ಮುಸೊಲಿನಿಗೆ ಹೆದರಿ ಓಡಿದ ಇಟಾಲಿಯನ್ನರಿಗೆ ಅದು ಸಿಗಲೇ ಇಲ್ಲ. ಪೂರ್ತಿ ಹಕ್ಕಿಗಾಗಿ ಕಾಯುವುದಾ, ಅರ್ಧ ಸಿಕ್ಕರೂ ಈಗಲೇ ತಗೊಳ್ಳುವುದಾ ಅನ್ನೋ ಜಗಳದಲ್ಲಿ ನಾವು ನಾನ್ಸೆನ್ ಪಕ್ಷ. ಗಡಿಯಲ್ಲಿ ನಿಂತವನಿಗೆ ಇವತ್ತು ರಾತ್ರಿ ಮಲಗೋಕೆ ಜಾಗ ಬೇಕು. ಆದರೆ ಅರ್ಧ ಕೊಟ್ಟವರು ಉಳಿದರ್ಧವನ್ನು ಮರೆತುಬಿಡ್ತಾರೆ ಅನ್ನುವವರ ಮಾತೂ ಸುಳ್ಳಲ್ಲ.

ಆತನನ್ನು ದೇವರು ಮಾಡೋದು ಬೇಡ. ರಷ್ಯಾದಲ್ಲಿ 1921ರ ಭೀಕರ ಬರ ಬಂದಾಗ ಆಹಾರಕ್ಕೆ ಸಾಲ ಕೊಡಿ ಅಂತ ಲೀಗ್ ಮುಂದೆ ಬೇಡಿದ, ಸರ್ಕಾರಗಳು ಬೊಲ್ಶೆವಿಕ್ ಕೈಗೆ ದುಡ್ಡು ಹೋಗುತ್ತೆ ಅಂತ ಕೊಡಲಿಲ್ಲ. ವೋಲ್ಗಾ ಕಡೆಗೆ ತಾನೇ ಹೋಗಿ ಫೋಟೋ ತಗೊಂಡು ಊರೂರಲ್ಲಿ ಭಾಷಣ ಮಾಡಿ ದೇಣಿಗೆ ಎತ್ತಿದ. ನೊಬೆಲ್ ದುಡ್ಡನ್ನೂ ಪರಿಹಾರ ಕೆಲಸಕ್ಕೇ ಹಾಕಿದ. ಇಷ್ಟೆಲ್ಲ ಮಾಡಿದವನೇ ಗ್ರೀಸ್ ಮತ್ತು ಟರ್ಕಿ ನಡುವೆ ಜನರನ್ನು ಅದಲುಬದಲು ಮಾಡುವ ಪ್ರಸ್ತಾಪದ ಹಿಂದೆಯೂ ಇದ್ದ. 1923ರ ಒಪ್ಪಂದದ ಪ್ರಕಾರ ಅದು ಕಡ್ಡಾಯ, ಯಾರನ್ನೂ ಕೇಳಲಿಲ್ಲ. ಸುಮಾರು 12 ಲಕ್ಷ ಕ್ರೈಸ್ತರು ಆ ಕಡೆ, 4 ಲಕ್ಷದಷ್ಟು ಮುಸ್ಲಿಮರು ಈ ಕಡೆ. ಬಹಳಷ್ಟು ಜನ ಆ ಹೊತ್ತಿಗಾಗಲೇ ಓಡಿಬಂದಿದ್ದರು, ಹತ್ಯೆ ನಿಲ್ಲಿಸೋಕೆ ಬೇರೆ ದಾರಿ ಇರಲಿಲ್ಲ ಅಂತ ಸಮರ್ಥನೆ ಇದೆ. ನಮಗೆ ಅದು ಪೂರ್ತಿ ಒಪ್ಪಿಗೆ ಆಗಲ್ಲ. ಕಾಗದ ಕೊಟ್ಟ ಕೈಯೇ ಮನೆ ಬಿಡಿಸುವ ಕಾಗದಕ್ಕೂ ದಾರಿ ಮಾಡಿತು.

1925ರಲ್ಲಿ ಆರ್ಮೇನಿಯನ್ ನಿರಾಶ್ರಿತರಿಗೆ ನೆಲೆ ಹುಡುಕೋಕೆ ಇಂಜಿನಿಯರ್‌ಗಳನ್ನು ಕರ್ಕೊಂಡು ಸೋವಿಯತ್ ಆರ್ಮೇನಿಯಾಕ್ಕೆ ಹೋದ. ಬಂಜರು ಬಯಲಿಗೆ ನೀರಾವರಿ ಮಾಡಿ ಜನರನ್ನು ನೆಲೆಗೊಳಿಸುವ ಯೋಜನೆ, ಲೆಕ್ಕಾಚಾರ ಎಲ್ಲ ರೆಡಿ. ಬೇಕಾದ ಸಾಲ ಕೊನೆಗೂ ಸಿಗಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಚೆನ್ನಾಗಿದ್ರೆ ಸಾಲದು ಅನ್ನೋದು ಆಗಲೂ ಇತ್ತು.

1930ರ ಮೇ 13ರಂದು ಓಸ್ಲೋ ಹತ್ತಿರದ ತನ್ನ ಮನೆಯಲ್ಲಿ ನಾನ್ಸೆನ್ ತೀರಿಕೊಂಡ. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಕ್ರಿಯೆ ನಡೆಯಿತು. ಆತನ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ಇನ್ನೊಂದು ಶಾಂತಿ ನೊಬೆಲ್ ಬಂತು, ಹಿಟ್ಲರ್‌ನ ಜರ್ಮನಿಯಿಂದ ಯಹೂದಿಗಳು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದ ವರ್ಷವೇ. 1951ರ ನಿರಾಶ್ರಿತರ ಒಪ್ಪಂದ ಜನಾಂಗಗಳ ಪಟ್ಟಿ ಬಿಟ್ಟು, ಕಿರುಕುಳದ ನಿಜವಾದ ಭಯ ಇರುವ ಯಾರಿಗೂ ಅನ್ವಯಿಸುವಂಥ ವ್ಯಾಖ್ಯೆಗೆ ಬಂತು. ಆದರೆ ಮೊದಲು ಅದು 1951ಕ್ಕೆ ಹಿಂದಿನ ಘಟನೆಗಳಿಗೆ ಮಾತ್ರ, ಆ ಮಿತಿ ತೆಗೆದದ್ದು 1967ರಲ್ಲಿ. ಬಡತನಕ್ಕೆ, ಕೆಲಸಕ್ಕೆ ಗಡಿ ದಾಟಿದವರು ಆ ವ್ಯಾಖ್ಯೆಯೊಳಗೆ ಇವತ್ತಿಗೂ ಬರಲ್ಲ. ಅವರಿಗೆ ಉಳಿಯೋದು ಆಯಾ ದೇಶ ಯಾವಾಗಲಾದ್ರೂ ಮನಸ್ಸು ಮಾಡಿ ಕೊಡುವ ಸಕ್ರಮ ಮಾತ್ರ. ಅಮೆರಿಕ 1986ರಲ್ಲಿ ಒಮ್ಮೆ ಸುಮಾರು 27 ಲಕ್ಷ ಜನರಿಗೆ ಹಾಗೆ ಕೊಟ್ಟಿತು, ಆಮೇಲೆ ಅಷ್ಟು ದೊಡ್ಡದು ಮತ್ತೆ ಆಗಿಲ್ಲ.

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಆದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಟಿಬೆಟಿಯನ್ನರಿಗೆ ಜಾಗ ಕೊಟ್ಟು ನೆಲೆ ಮಾಡಿಸಿತು, ಆಮೇಲೆ ಮುಂಡಗೋಡಿನಲ್ಲೂ. ಅಲ್ಲೇ ಹುಟ್ಟಿ ಕನ್ನಡ ಮಾತಾಡುವ ಹುಡುಗರಲ್ಲಿ ಅನೇಕರ ಹತ್ತಿರ ಭಾರತದ ಪಾಸ್‌ಪೋರ್ಟ್ ಇಲ್ಲ. ಇರೋದು ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ, ಹೊರದೇಶಕ್ಕೆ ಹೋಗಬೇಕಂದ್ರೆ ಹಳದಿ ರಟ್ಟಿನ ಗುರುತಿನ ಪುಸ್ತಕ. ಅದರಲ್ಲೂ ವೀಸಾ ಮುದ್ರೆ ಒತ್ತಲು ಜಾಗ ಇದೆ.